ನಾಲ್ಕನೆಯ ಸ್ಕ್ರೂ

ಬೆಳಗಿನ ಆರೂ ಕಾಲು. ಪೀರನವಾಡಿಯ ಹೊಸ ಮನೆಯೊಂದರ ಪಡಸಾಲೆಯಲ್ಲಿ ಸರದಾರಸಾಬ ಗೋಡೆಗೆ ಮುಖ ಮಾಡಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಾರೆ. ಒಂದು ಕೈಯಲ್ಲಿ ಬ್ಯಾಟರಿ ಇದೆ, ಇನ್ನೊಂದು ಅಂಗೈ ಸಾಗವಾನಿ ಹಲಗೆಯ ಮೇಲಿದೆ. ನೆಲದಿಂದ ಸೊಂಟದ ಮಟ್ಟದವರೆಗೆ ಗೋಡೆಗೆ ಹೊದಿಸಿದ ಹಲಗೆಗಳು ಬ್ಯಾಟರಿಯ ಬೆಳಕಿಗೆ ಜೇನಿನ ಬಣ್ಣದಲ್ಲಿ ಹೊಳೆಯುತ್ತಿವೆ. ಅವರು ಎಡದಿಂದ ಎಣಿಸಿ ಒಂಬತ್ತನೆಯ ಹಲಗೆಗೆ ಬಂದು ಕೈ ನಿಲ್ಲಿಸುತ್ತಾರೆ, ಮುಟ್ಟುತ್ತಾರೆ, ಬಗ್ಗಿ ಮೂಸುತ್ತಾರೆ, ಮತ್ತೆ ಎಣಿಸುತ್ತಾರೆ.

ನಾನು ಬಂದದ್ದು ಅವರು ಕೆಲಸ ಮಾಡುವುದನ್ನು ನೋಡಿ ನಮ್ಮ ಪತ್ರಿಕೆಗೆ ಬರೆಯಲಿಕ್ಕೆ. ಕೆಲಸವೇನೋ ಮಂಗಳವಾರವೇ ಮುಗಿದಿದೆ. ಇವತ್ತು ಗುರುವಾರ. ಬರುವ ಸೋಮವಾರ ಈ ಮನೆಯ ಗೃಹಪ್ರವೇಶ.

"ಸ್ವಲ್ಪ ಇಲ್ಲೆ ಕೈ ಇಟ್ಟ ನೋಡ್ರಿ ಸರ. ಹಸಿ ಅನಸ್ತದೇನು?"

ಕೈ ಇಡುತ್ತೇನೆ. ತಣ್ಣಗಿದೆ ಎನ್ನುತ್ತೇನೆ. ಅವರ ಮುಖದ ಬಣ್ಣವೇ ಹೋಗುತ್ತದೆ.

"ಥಂಡಿ ಬ್ಯಾರೆ, ಹಸಿ ಬ್ಯಾರೆ. ಬರೋಬ್ಬರಿ ನೋಡಿ ಹೇಳ್ರಿ."

ಮತ್ತೊಮ್ಮೆ ಕೈಯಿಟ್ಟೆ. ಏನು ಹೇಳಿದರೂ ತಪ್ಪಾಗುತ್ತದೆ ಎನ್ನಿಸಿತು. ನವೆಂಬರಿನ ಬೆಳಗಿನಲ್ಲಿ ಬೆಳಗಾವಿಯ ಯಾವ ಗೋಡೆ ತಾನೇ ತಣ್ಣಗಿರುವುದಿಲ್ಲ? ಆದರೆ ಅವರು ಎರಡು ರಾತ್ರಿಯಿಂದ ನಿದ್ದೆ ಮಾಡಿಲ್ಲ. ಕಣ್ಣು ನೋಡಿದರೆ ಗೊತ್ತಾಗುತ್ತದೆ.

"ಈ ಹಲಗಿ ಹಿಂದ ನಾಕನೇ ಸ್ಕ್ರೂ ಐತ್ರಿ. ಅದು ಭಾಳ ಮೆತ್ತಗ ಹೋತು," ಎನ್ನುತ್ತಾರೆ. ಬ್ಯಾಟರಿ ಆರಿಸುತ್ತಾರೆ.

ಖಾನಾಪುರದ ಐವತ್ತೆಂಟು ವರ್ಷದ ಈ ಮಿಸ್ತ್ರಿ ಮೂವತ್ತೆಂಟು ವರ್ಷಗಳಿಂದ ಗೋಡೆಯ ಕೆಳಗಿನ ಮೂರು ಅಡಿಗಷ್ಟೇ ದುಡಿಯುತ್ತಿದ್ದಾರೆ. ಗಾರೆಯವರು ಈ ಭಾಗಕ್ಕೆ ಡ್ಯಾಡೋ ಎನ್ನುತ್ತಾರೆ. ಸ್ನಾನದ ಕೋಣೆಯಲ್ಲಾದರೆ ಅಲ್ಲಿಗೆ ಟೈಲ್ಸ್ ಬರುತ್ತದೆ, ಅಗ್ಗದ ಮನೆಯಲ್ಲಾದರೆ ಎಣ್ಣೆ ಬಣ್ಣದ ಪಟ್ಟಿ. ಕಟ್ಟಿಗೆಯಲ್ಲೇ ಆಗಬೇಕು ಎನ್ನುವವರು ಸರದಾರಸಾಬರನ್ನು ಹುಡುಕಿಕೊಂಡು ಹೋಗುತ್ತಾರೆ. ಎಣ್ಣೆ ಹಚ್ಚಿದ ತಲೆಗಳು, ಕುರ್ಚಿಯ ಬೆನ್ನುಗಳು, ಒದ್ದೆ ಕಸಬರಿಗೆ, ಮಕ್ಕಳ ಪೆನ್ಸಿಲ್ಲು ಎಲ್ಲವೂ ದಾಳಿ ಮಾಡುವುದು ಗೋಡೆಯ ಕೆಳಭಾಗದ ಮೇಲೆಯೇ. ಬೀಗರು ಬಂದರೆ ಮಾತ್ರ ತಲೆಯೆತ್ತಿ ಚಾವಣಿಯ ದೀಪಗಳನ್ನು ಹೊಗಳುತ್ತಾರೆ. ಈ ಮಿಸ್ತ್ರಿಯ ಕೆಲಸವನ್ನು ಕಣ್ಣ ಮಟ್ಟದಲ್ಲಿ ನೋಡುವವರು ಅಂಬೆಗಾಲಿಡುವ ಕೂಸುಗಳು ಮಾತ್ರ, ಅವೂ ನೆಕ್ಕಿ ನೋಡುತ್ತವೆ.

ತಂದೆ ಖಾನಾಪುರದ ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿದ್ದವರು. ಬೆಳಗಾವಿಯ ಮಿಲಿಟರಿ ಕ್ಯಾಂಪಿನ ಹಳೆಯ ಬಂಗಲೆಗಳಲ್ಲಿ ಗೆದ್ದಲು ಹಿಡಿದ ಗೋಡೆ ಹಲಗೆಗಳನ್ನು ಬದಲಿಸಲು ಕರೆ ಬಂದಾಗ ಮಗನನ್ನೂ ಕರೆದುಕೊಂಡು ಹೋಗುತ್ತಿದ್ದರು. "ಕಟಗಿಗೂ ದಮ್ಮು ಬೇಕು ಅಂತಿದ್ರು ನಮ್ಮ ಅಬ್ಬಾ. ಗ್ವಾಡಿಗೂ ಹಲಗಿಗೂ ನಡಕ ಒಂದ ಬೆರಳ ಸಂದಿ ಬಿಡಬೇಕು. ಗ್ವಾಡಿಗೆ ಅಂಟಿಸಿ ಬಿಟ್ರ ಒಂದ ಮಳಿಗಾಲಕ್ಕ ಉಬ್ಬತೈತಿ," ಎನ್ನುತ್ತಾರೆ. ಖಾನಾಪುರದ ಮಳೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಮೊದಲು ಗೋಡೆಗೆ ಮೂರು ಅಡ್ಡಪಟ್ಟಿಗಳನ್ನು ಸ್ಕ್ರೂ ಹಾಕಿ ಕೂರಿಸುತ್ತಾರೆ. ಅದರ ಮೇಲೆ ಹಲಗೆಗಳು, ಒಂದರ ಅಂಚು ಇನ್ನೊಂದರ ಕಚ್ಚಿನೊಳಗೆ. ಕಡೆಗೆ ಮೇಲಿನ ಪಟ್ಟಿಯನ್ನು ಅಂಟು ಹಾಕಿ ಮುಚ್ಚುತ್ತಾರೆ. ಹೊರಗೆ ಒಂದು ಮೊಳೆಯ ತಲೆಯೂ ಕಾಣುವುದಿಲ್ಲ.

ಅವರ ದಿನ ನಸುಕಿನ ನಾಲ್ಕಕ್ಕೆ ಶುರುವಾಗುತ್ತದೆ. ಖಾನಾಪುರದಿಂದ ಮೊದಲ ಬಸ್ಸು ಹಿಡಿದರೆ ಆರರ ಸುಮಾರಿಗೆ ಪೀರನವಾಡಿ. ದಿನಕ್ಕೆ ಎರಡು ಅಡಿ ಉದ್ದ ಮುಗಿದರೆ ಅದು ಒಳ್ಳೆಯ ದಿನ. ಈ ಪಡಸಾಲೆಗೆ ನಲವತ್ತೊಂದು ಅಡಿ ಹಿಡಿದಿದೆ. ಇಡೀ ದಿನ ಕುಕ್ಕರುಗಾಲಿನ ಕೆಲಸವಾದ್ದರಿಂದ ಮೊಣಕಾಲು ಎರಡೂ ಹೋಗಿವೆ. ಏಳುವಾಗ ಗೋಡೆ ಹಿಡಿಯುತ್ತಾರೆ, ಅದೂ ಹಲಗೆ ಇಲ್ಲದ ಕಡೆ. ಪಾಲಿಶ್ ಮಾತ್ರ ಹೆಂಡತಿ ಬದರುನ್ನಿಸಾ ಅವರ ಕೈಯದು. ಹಳೆಯ ಮೆತ್ತನೆ ಅರಿವೆಯ ಉಂಡೆಯಿಂದ ಒಂದರ ಮೇಲೊಂದು ಹನ್ನೆರಡು ಸಲ ಹಚ್ಚುತ್ತಾರೆ. ಬ್ರಶ್ ಮುಟ್ಟುವುದಿಲ್ಲ. ಈಗ ಪ್ಲಾಸ್ಟಿಕ್ ಹಾಳೆಗಳು ಬಂದಿವೆ, ಅರ್ಧ ದಿನದಲ್ಲಿ ಇಡೀ ಗೋಡೆಗೆ ಅಂಟಿಸಿ ಹೋಗುತ್ತಾರೆ. ವರ್ಷಕ್ಕೆ ಹತ್ತು ಹನ್ನೆರಡು ಮನೆ ಮಾಡುತ್ತಿದ್ದ ಗಂಡಹೆಂಡತಿಗೆ ಈಗ ಮೂರೋ ನಾಲ್ಕೋ. ಒಬ್ಬ ಗುತ್ತಿಗೆದಾರ ಮುನಿಸಿಕೊಂಡರೆ ವರ್ಷದ ಅರ್ಧ ಕೆಲಸ ಹೋದ ಹಾಗೆ.

ಇಷ್ಟೆಲ್ಲ ಹೇಳುವಾಗಲೂ ಅವರ ಕಣ್ಣು ಒಂಬತ್ತನೆಯ ಹಲಗೆಯ ಮೇಲೆಯೇ ಇದೆ.

ಏಳಕ್ಕೆ ಅವರನ್ನು ಹೇಗೋ ಎಬ್ಬಿಸಿಕೊಂಡು ರಸ್ತೆ ಬದಿಯ ಚಹಾದಂಗಡಿಗೆ ಹೋಗುತ್ತೇನೆ. ಚಹಾ ತಣ್ಣಗಾಗುತ್ತದೆ, ಅವರು ಕುಡಿಯುವುದಿಲ್ಲ. ಬೆಂಚಿನ ಮೇಲೆ ಬೆರಳಿನಿಂದ ಗೆರೆ ಎಳೆದು ನನಗೆ ಲೆಕ್ಕ ಹೇಳುತ್ತಾರೆ.

ಆ ಗೋಡೆಯೊಳಗೆ ನೀರಿನ ಪೈಪು ಅಡ್ಡ ಹಾಯ್ದಿದೆ. ಗುತ್ತಿಗೆದಾರ ಫೋನಿನಲ್ಲಿ ಹೇಳಿದ್ದು, ನೆಲದಿಂದ ಹದಿನೆಂಟು ಇಂಚು ಮೇಲೆ ಎಂದು. ಅದಕ್ಕೇ ಸರದಾರಸಾಬ ನಡುವಿನ ಅಡ್ಡಪಟ್ಟಿಯನ್ನು ಹದಿನೈದಕ್ಕೆ ಕೂರಿಸಿದರು. ಮೂರು ಇಂಚು ಅಂತರ ಉಳಿಯಿತು, ಏನೂ ಭಯವಿಲ್ಲ. ಮಂಗಳವಾರ ಸಂಜೆ ಪಾಲಿಶ್ ಮುಗಿಸಿಕೊಂಡು ಊರಿಗೆ ಮರಳಿದಾಗ, ಬಸ್ಸು ಇಳಿಯುವಾಗ ಕಾಲು ಅಂದುಕೊಂಡದ್ದಕ್ಕಿಂತ ಕೆಳಗೆ ಹೋಯಿತು. ಮುಗ್ಗರಿಸಿದರು. ಆಗ ಹೊಳೆಯಿತು. ಪೈಪು ಹಾಕಿದ್ದು ನೆಲಕ್ಕೆ ಟೈಲ್ಸ್ ಬರುವ ಮೊದಲು. ಆಮೇಲೆ ಗಾರೆ, ಟೈಲ್ಸ್ ಎಲ್ಲ ಸೇರಿ ನೆಲ ಮೂರು ಇಂಚು ಮೇಲೆ ಬಂದಿದೆ. ಹದಿನೆಂಟು ಇಂಚು ಎಂದದ್ದು ಹಳೆಯ ನೆಲದಿಂದ ಆಗಿದ್ದರೆ, ತಾವು ಹೊಸ ನೆಲದಿಂದ ಅಳೆದ ಹದಿನೈದು ಸರಿಯಾಗಿ ಪೈಪಿನ ಮೇಲೆಯೇ ಬಂತು.

"ಅವತ್ತ ನಾಕನೇ ಸ್ಕ್ರೂ ತಿರವುವಾಗ ಕೈಗೆ ಗೊತ್ತಾತ್ರಿ. ಉಳದೂ ಎಲ್ಲಾ ಬಿಗೀ ಹೋದೂ, ಅದೊಂದ ಮೆತ್ತಗ. ಇಟ್ಟಂಗಿ ಸಂದಿ ಇರಬೇಕು ಅಂತ ಮುಂದ ಹೋದ್ನಿ."

ತೂತು ಬಿದ್ದಿದ್ದರೆ ಆವತ್ತೇ ನೀರು ಚಿಮ್ಮಬೇಕಿತ್ತಲ್ಲ ಎಂದು ಕೇಳಿದೆ. ನನ್ನ ಅಜ್ಞಾನಕ್ಕೆ ಅವರು ನಗಲೂ ಇಲ್ಲ.

"ಅಲ್ಲೇ ಐತ್ರಿ ಮೋಸಾ. ತೂತ ಮಾಡಿದ ಸ್ಕ್ರೂನೇ ತೂತ ಮುಚ್ಚಿ ಕುಂತಿರ್ತೈತಿ. ಪಂಪ್ ಹಚ್ಚಿ ಪ್ರೆಶರ್ ಕೊಟ್ರೂ ಸೋರೂದಿಲ್ಲ. ಒಂದ ವರ್ಷಕ್ಕ ಸ್ಕ್ರೂ ಜಂಗ್ ಹಿಡೀತೈತಿ. ಆಮ್ಯಾಲೆ ಹನಿ ಹನಿ. ಹಲಗಿ ಹಿಂದ ಯಾರಿಗೆ ಕಾಣಸ್ತೈತ್ರಿ? ಗೊತ್ತಾಗೂದರಾಗ ಗೆದ್ದಲಾ ಬಂದ ಮನಿ ಮಾಡಿರ್ತಾವು."

ಹಲಗೆ ಹೊದಿಸುವವರಲ್ಲಿ ಒಂದು ಪದ್ಧತಿ ಇದೆ. ಮೊದಲ ಸ್ಕ್ರೂ ಹಾಕುವ ಮುಂಚೆ ಬಡಿಗನೂ ಪ್ಲಂಬರನೂ ಗೋಡೆಯ ಮುಂದೆ ಒಟ್ಟಿಗೆ ನಿಲ್ಲಬೇಕು. ಪ್ಲಂಬರ್ ತನ್ನ ಪೈಪು ಹೋದ ದಾರಿ ತೋರಿಸಬೇಕು, ಬಡಿಗ ಅಲ್ಲಿ ಕೆಂಪು ಸೀಮೆಸುಣ್ಣದಿಂದ ಗೆರೆ ಎಳೆಯಬೇಕು. ಹತ್ತು ನಿಮಿಷದ ಕೆಲಸ. ಮೂವತ್ತೆಂಟು ವರ್ಷ ತಪ್ಪದೆ ಮಾಡಿದವರು ಈ ಮನೆಯಲ್ಲಿ ಮಾಡಲಿಲ್ಲ. ಯಾಕೆಂದು ಕೇಳಿದೆ. ಕುಡಿಯದ ಚಹಾವನ್ನು ರಸ್ತೆಗೆ ಚೆಲ್ಲಿದರು.

"ಇಲ್ಲೆ ಪೈಪ ಹಾಕಿದಾಂವ ಸತ್ಯಪ್ಪ. ಅವನ ಮುಂದ ನಿಂದ್ರಾಕ ನಂಗ ಮಾರಿ ಇಲ್ರಿ."

ಎಂಟು ವರ್ಷದ ಹಿಂದೆ ನಂದಗಡದಲ್ಲಿ ಒಂದು ಮನೆ. ಅಲ್ಲಿಯೂ ಹಲಗೆ ಸರದಾರಸಾಬರದು, ಪೈಪು ಸತ್ಯಪ್ಪನದು. ಗೆರೆ ಎಳೆದಿದ್ದರೂ ಅಲ್ಲಿ ಒಂದು ಸ್ಕ್ರೂ ಗೆರೆ ತಪ್ಪಿ ಮೆತ್ತಗೆ ಹೋಗಿತ್ತು. ಮನೆಯವರಿಗೆ ಅವಸರ ಇತ್ತು, ಇವರೂ ನೋಡೋಣ ಎಂದು ಬಿಟ್ಟರು. ಹದಿನಾಲ್ಕು ತಿಂಗಳಿಗೆ ಗೋಡೆ ಒದ್ದೆಯಾಗಿ, ಹಲಗೆಗಳು ಕೊಳೆತು, ದೇವರ ಕೋಣೆಯವರೆಗೆ ಗೆದ್ದಲು ಹತ್ತಿತು. ಹಲಗೆ ಕಿತ್ತು ನೋಡಲು ಇವರನ್ನೇ ಕರೆದರು. ಅಡ್ಡಪಟ್ಟಿ ಬಿಚ್ಚುವಾಗ ತುಕ್ಕು ಹಿಡಿದ ಆ ಸ್ಕ್ರೂ ಇವರ ಕೈಗೇ ಬಂತು. ಅದನ್ನು ಸುಮ್ಮನೆ ಕಿಸೆಗೆ ಹಾಕಿಕೊಂಡರು. ಅಂಗಳದಲ್ಲಿ ಮನೆಯವರು ಪ್ಲಂಬರನ ಜೋಡಣೆ ಸರಿಯಿಲ್ಲ ಎಂದು ಸತ್ಯಪ್ಪನ ಮೇಲೆ ಬೀಳುತ್ತಿದ್ದರು. ನನ್ನ ಜೋಡಣೆ ಸರಿ ಇದೆ ಎಂದು ಅವನು ಒಬ್ಬನೇ ಕೂಗಾಡುತ್ತಿದ್ದ. ಇವರು ಬಾಯಿ ಬಿಡಲಿಲ್ಲ. ಮರಳುವಾಗ ಮಲಪ್ರಭೆಯ ಸೇತುವೆ ಮೇಲೆ ಬಸ್ಸಿನ ಕಿಟಕಿಯಿಂದ ಸ್ಕ್ರೂವನ್ನು ಹೊಳೆಗೆ ಒಗೆದರು. ಆಮೇಲೆ ನಂದಗಡದ ಸುತ್ತಮುತ್ತ ಸತ್ಯಪ್ಪನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅವನು ಹೆಂಡತಿ ಮಕ್ಕಳ ಸಮೇತ ಊರು ಬಿಟ್ಟು ಬೆಳಗಾವಿಗೆ ಬಂದ.

ಒಳ್ಳೆಯ ಕೆಲಸಗಾರನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಲು ಬಂದ ನನಗೆ ಪೆನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ನಿಜ ಹೇಳುತ್ತೇನೆ, ಆ ಕ್ಷಣ ಇವರ ಮೇಲೆ ಸಿಟ್ಟು ಬಂತು. ಎದುರಿಗೆ ಕೂತ ಮುಖ ನೋಡಿ ಅದು ನಿಲ್ಲಲೂ ಇಲ್ಲ.

"ಮನ್ಯಾಗೂ ಹೇಳಿಲ್ರಿ. ಎರಡ ದಿನಾ ಊಟಾ ಬಿಟ್ಟಿದ್ದಕ್ಕ ಅಕಿ ಒತ್ತಿ ಕೇಳಿದ್ಲು, ಈ ಮನಿ ಸ್ಕ್ರೂದ ಮಾತಷ್ಟ ಹೇಳಿದ್ನಿ. ನಸಿಕನ್ಯಾಗ ಬಾಗಲದಾಗ ನಿಂತ ಹೇಳಿದ್ಲು, ಒಂದ ಹಲಗಿ ಬಿಚ್ಚಿ ನೋಡ್ರಿ, ಇಲ್ಲಾ ಬಂದ ಊಟಾ ಮಾಡ್ರಿ, ಎರಡೂ ಇಲ್ಲದ ಮನಿಗಿ ಬರಬ್ಯಾಡ್ರಿ ಅಂತ." ಹನ್ನೆರಡು ಸಲ ಪಾಲಿಶ್ ಹಚ್ಚಿದ ಕೈಯೇ ಬಿಚ್ಚಿರಿ ಎಂದಿದೆ. ಆದರೆ ಬಿಚ್ಚುವುದು ಅಷ್ಟು ಸಲೀಸಲ್ಲ. ಕಚ್ಚಿಗೆ ಕಚ್ಚು ಕೂತಿರುವುದರಿಂದ ಒಂಬತ್ತನೆಯದು ಬೇಕೆಂದರೆ ಮೂಲೆಯ ಒಂದನೆಯದರಿಂದ ಬಿಚ್ಚಿಕೊಂಡು ಬರಬೇಕು. ಅಂಟು ಹಾಕಿದ ಮೇಲಿನ ಪಟ್ಟಿ ಮುರಿಯುವುದಂತೂ ಖಂಡಿತ.

ಒಂಬತ್ತಕ್ಕೆ ಮನೆಯೊಡತಿ ನೇತ್ರಾ ಬರುತ್ತಾರೆ. ಖಡೇಬಜಾರದಲ್ಲಿ ಸೀರೆ ಅಂಗಡಿ ನಡೆಸುವ ಗಟ್ಟಿ ಹೆಂಗಸು. ಹಲಗೆಯ ಮೇಲೆ ಕೈಯಾಡಿಸಿ, "ಭಾಳ ಛಂದ ಆಗೇತ್ರಿ ಮಿಸ್ತ್ರಿ," ಎನ್ನುತ್ತಾರೆ. ಸರದಾರಸಾಬ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳುತ್ತಾರೆ, ಬಿಚ್ಚಲು ಅಪ್ಪಣೆ ಕೇಳುತ್ತಾರೆ.

"ಏನ್ ಹೇಳಾಕತ್ತೀರಿ ನೀವು? ಸೋಮವಾರ ಎರಡನೂರು ಮಂದಿ ಬರ್ತಾರ ಮನಿಗೆ. ಸ್ವಾಮಿಗಳು ಬರ್ತಾರ. ಮುರದ ಗ್ವಾಡಿ ಮುಂದ ಕುಂದರಸ್ಲೇನು ಅವರನ್ನ?"

"ರವಿವಾರ ಸಂಜಿ ಒಳಗ ಹೊಳ್ಳಿ ಹಾಕಿ ಕೊಡ್ತೇನ್ರಿ ಅಕ್ಕಾರ."

"ಪೈಪಿಗೆ ಹತ್ತೇತಿ ಅಂತ ಖರೇ ಗೊತ್ತೈತೇನು?"

"ಇಲ್ರಿ."

"ನೀವು ಹೇಳಲಿಲ್ಲಂದ್ರ ನಂಗ ಗೊತ್ತಾಗ್ತಿತ್ತೇನು?"

"ಇಲ್ರಿ."

"ಮತ್ತ ಯಾಕ ಹೇಳಿದ್ರಿ?"

"ಒಂದ ವರ್ಷದ ಮ್ಯಾಲೆ ಗೊತ್ತಾಗ್ತಿತ್ರಿ. ಆವಾಗ ನೀವು ಬೈಯೂದು ಸತ್ಯಪ್ಪಗ."

ನೇತ್ರಾ ಗುತ್ತಿಗೆದಾರನಿಗೆ ಫೋನು ಹಚ್ಚುತ್ತಾರೆ. ಆ ಕಡೆಯ ದನಿ ಇಡೀ ಪಡಸಾಲೆಗೆ ಕೇಳುತ್ತದೆ. ಹಂಗೇ ಬಿಡ್ರಿ, ಮುದುಕಗ ಭ್ರಮಾ ಆಗೇತಿ, ಬಿಚ್ಚಿದ್ರ ಇನ್ನ ಮ್ಯಾಲೆ ಅಂವಗ ನನ್ನ ಕೆಲಸಾ ಇಲ್ಲ. ನೇತ್ರಾ ಫೋನು ಇಟ್ಟು, ಗೋಡೆ ನೋಡಿ, ಅವರನ್ನು ನೋಡಿ, "ಏನರೆ ಮಾಡ್ಕೋರಿ. ರವಿವಾರ ಸಂಜಿ ಅಂದ್ರ ರವಿವಾರ ಸಂಜಿ," ಎಂದು ಕುರ್ಚಿ ಎಳೆದುಕೊಂಡು ಅಲ್ಲೇ ಕೂತುಬಿಡುತ್ತಾರೆ.

ಸರದಾರಸಾಬ ಸತ್ಯಪ್ಪನ ಸಂಖ್ಯೆ ಒತ್ತುತ್ತಾರೆ. ಮೂರು ಸಲ ಒತ್ತಿ ಮೂರು ಸಲ ಕಟ್ ಮಾಡಿದ್ದನ್ನು ನಾನು ನೋಡಿದೆ. ನಾಲ್ಕನೆಯ ಸಲಕ್ಕೆ ಮಾತಾಡಿದರು.

ಸಾಂಬ್ರಾದಲ್ಲಿ ಕೆಲಸದಲ್ಲಿದ್ದ ಸತ್ಯಪ್ಪ ಮುಕ್ಕಾಲು ಗಂಟೆಯಲ್ಲಿ ಬೈಕಿನಲ್ಲಿ ಬಂದ. ನಲವತ್ತೈದರ ಆಸುಪಾಸಿನ ತೆಳ್ಳನೆಯ ಆಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಏನ್ ಮಾಮಾ, ಏಳ ವರ್ಷದ ಮ್ಯಾಲೆ ನೆನಪಾತೇನು?" ಎಂದ. ಮಾತಿನಲ್ಲಿ ನಗೆಯಿತ್ತು. ಸರದಾರಸಾಬ ಉಳಿ, ಕೊಡತಿ ಎರಡನ್ನೂ ನೆಲಕ್ಕಿಟ್ಟರು.

"ಸತ್ಯಪ್ಪಾ, ಹಲಗಿ ಬಿಚ್ಚೂಕಿಂತ ಮೊದಲ ಒಂದ ಮಾತ ಕೇಳ. ನಂದಗಡದಾಗ ಸೋರಿದ್ದು ನಿನ್ನ ಜೋಡಣಿ ಅಲ್ಲ. ನನ್ನ ಸ್ಕ್ರೂ. ಅದು ನನ್ನ ಕೈಯಾಗ ಇತ್ತು. ನೀ ಅಂಗಳದಾಗ ಒದರಾಕತ್ತಿದ್ದಿ, ನಾ ಕಿಸೇದಾಗ ಇಟಗೊಂಡ್ನಿ."

ಸತ್ಯಪ್ಪನ ಮುಖದಲ್ಲಿದ್ದ ನಗೆ ಒಂದೇ ಸಲಕ್ಕೆ ಹೋಗಲಿಲ್ಲ. ಮಾತು ಒಳಗಿಳಿಯಲು ಹೊತ್ತು ಹಿಡಿಯಿತು. ಆಮೇಲೆ ಅವನು ಹಲಗೆ ಕಡೆ ತಿರುಗಿ, "ಮೊದಲ ಇದನ್ನ ಬಿಚ್ಚ," ಎಂದಷ್ಟೇ ಹೇಳಿದ.

ಬಿಚ್ಚಲು ಎರಡು ಗಂಟೆ ಬೇಕಾಯಿತು. ಮೇಲಿನ ಪಟ್ಟಿ ಮೂರು ಕಡೆ ಸೀಳಿತು. ಒಂದೊಂದು ಸೀಳಿಗೂ ನೇತ್ರಾ ಕಣ್ಣು ಮುಚ್ಚಿಕೊಂಡರು. ಆರನೆಯ ಹಲಗೆಯ ಮೂಲೆ ಮುರಿಯಿತು, ಬದರುನ್ನಿಸಾ ಅವರ ಪಾಲಿಶ್ ಬಿಳಿಯ ಪುಡಿಯಾಗಿ ನೆಲಕ್ಕೆ ಉದುರಿತು. ಒಂಬತ್ತನೆಯದು ಈಚೆ ಬಂದಾಗ ಎಲ್ಲರೂ ಬಗ್ಗಿ ನೋಡಿದೆವು. ಅಡ್ಡಪಟ್ಟಿ ಒಣಗಿತ್ತು. ಅದು ಏನನ್ನೂ ಹೇಳುವುದಿಲ್ಲ ಎಂದು ನನಗೂ ಈಗ ಗೊತ್ತು, ಸ್ಕ್ರೂ ಇರುವ ತನಕ ತೂತು ಮುಚ್ಚಿಯೇ ಇರುತ್ತದೆ.

ಸತ್ಯಪ್ಪ ಮಾಳಿಗೆ ಮೇಲೆ ಹೋಗಿ ಟ್ಯಾಂಕಿನಿಂದ ಪೈಪಿಗೆ ನೀರು ಪೂರ್ತಿ ಬಿಟ್ಟು ಬಂದ. ಸರದಾರಸಾಬ ಸ್ಕ್ರೂಡ್ರೈವರ್ ಹಚ್ಚಿದರು. ಅದು ಎರಡು ಸಲ ಜಾರಿತು. ಸತ್ಯಪ್ಪ ಅವರ ಮುಂಗೈ ಹಿಡಿದುಕೊಂಡ. ಒಂದು ಸುತ್ತು, ಎರಡು ಸುತ್ತು, ಎಂಟು ಸುತ್ತು. ಸ್ಕ್ರೂ ಈಚೆ ಬಂತು. ನಾವು ನಾಲ್ವರೂ ಆ ಕಪ್ಪು ತೂತನ್ನೇ ನೋಡಿದೆವು. ಅದರಿಂದ ಒಂದು ಚಿಟಿಕೆ ಕೆಂಪು ಇಟ್ಟಿಗೆ ಪುಡಿ ಉದುರಿತು. ನೀರು ಬರಲಿಲ್ಲ. ಐದು ನಿಮಿಷ ಕಾದರೂ ಬರಲಿಲ್ಲ.

ಇಟ್ಟಿಗೆಗಳ ನಡುವೆ ಗಾರೆ ತುಂಬದೆ ಉಳಿದ ಸಂದಿ ಅದು, ಅಷ್ಟೇ. ಸತ್ಯಪ್ಪ ಸಣ್ಣ ಉಳಿಯಿಂದ ನಾಲ್ಕು ಬೆರಳು ಮೇಲೆ ಗಿಲಾವು ಕೆದರಿ ತೋರಿಸಿದ. ಪೈಪು ಅಲ್ಲಿತ್ತು, ಹೊಸ ನೆಲದಿಂದ ಸರಿಯಾಗಿ ಹದಿನೆಂಟು ಇಂಚಿಗೆ. "ಟೈಲ್ಸ್ ಬಂದ ಮ್ಯಾಲೆ ನೆಲಾ ಎಲ್ಲಿಗಿ ಬರ್ತೈತಿ ಅಂತ ಲೆವೆಲ್ ಗೆರಿ ಹಾಕ್ಕೊಂಡ ಅಲ್ಲಿಂದ ಅಳದೇನಿ. ನನ್ನ ಕೇಳಿದ್ರ ಹೇಳ್ತಿದ್ದೆ," ಎಂದ.

"ಅಂದ್ರ ಏನೂ ಆಗಿರ್ಲಿಲ್ಲ!" ನೇತ್ರಾ ಎದ್ದು ನಿಂತರು. ಮುರಿದ ಪಟ್ಟಿಗಳು, ಮೂಲೆ ಹೋದ ಹಲಗೆ, ಪುಡಿಯಾದ ಪಾಲಿಶ್, ಎಲ್ಲದರ ಮೇಲೂ ಅವರ ಬೆರಳು ಹರಿದಾಡಿತು. "ಏನೂ ಆಗದ್ದಕ್ಕ ಇಷ್ಟ ಮುರದ್ರಿ?"

"ಹೌದ್ರಿ," ಎಂದರು ಸರದಾರಸಾಬ. ಅವರ ಕಣ್ಣಲ್ಲಿ ನೀರಿತ್ತು.

ಸತ್ಯಪ್ಪ ತನ್ನ ಚೀಲ ಕಟ್ಟಿದ. ಚಹಾ ತರಿಸುತ್ತೇನೆ ಎಂದರೆ ಬೇಡ ಎಂದ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ತಿರುಗಿ ನಿಂತ. "ಮಾಮಾ, ನನ್ನ ಜೋಡಣಿ ಸರಿ ಇತ್ತು ಅಂತ ನಂಗ ಅವತ್ತೂ ಗೊತ್ತಿತ್ತು. ನೀ ನಂಗ ಹೇಳಿ ಏನಾತು? ನಂದಗಡದವರಿಗೆ ಯಾರ ಹೇಳ್ತಾರ?" ಬೈಕು ಹತ್ತಿ ಹೋದ.

ಸರದಾರಸಾಬ ಕೂತು ಸೀಳಿದ ಪಟ್ಟಿಗೆ ಅಳತೆ ಹಿಡಿಯತೊಡಗಿದರು. ಭಾನುವಾರಕ್ಕೆ ಮೂರೇ ದಿನ ಇದೆ. ಆ ಗುತ್ತಿಗೆದಾರನ ಕಡೆಯಿಂದ ಇನ್ನು ಕರೆ ಬರುವುದಿಲ್ಲ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು. ನಾನು ಫೋಟೋ ತೆಗೆಯಲು ಮೊಬೈಲು ಎತ್ತಿದೆ. ಅವರು ಕೈ ಅಡ್ಡ ಹಿಡಿದರು.

"ನಿಮ್ಮ ಪೇಪರ ನಂದಗಡಕ್ಕ ಹೋಗ್ತೈತೇನ್ರಿ?"

ಹೋಗುತ್ತದೆ, ಬೆಳಗಿನ ಮೊದಲ ಬಸ್ಸಿಗೇ ಹೋಗುತ್ತದೆ ಎಂದೆ.

"ಹಂಗಾರ ನಂದೊಂದ ಮಾತ ನಡಸಿ ಕೊಡ್ರಿ. ಫೋಟೋ ಬ್ಯಾಡ. ಇಷ್ಟ ಬರೀರಿ: ನಂದಗಡದಾಗ ಆ ಮನಿ ಗ್ವಾಡಿ ಕೆಡಿಸಿದಾಂವ ಖಾನಾಪುರದ ಸರದಾರಸಾಬ, ಸತ್ಯಪ್ಪ ಅಲ್ಲ. ಊರ ಹೆಸರೂ ಬರೀರಿ, ನನ್ನ ಹೆಸರೂ ಬರೀರಿ. ಅವರು ಓದಿದಾಗ ಯಾವ ಸರದಾರಸಾಬ ಅಂತ ಕೇಳಬಾರದು."